ನಾಯಿಯ ಬ್ರಶ್ಶು, ಲಾರಿಯ ಪಟ್ಟಾ, ನಮ್ಮ ಕುದುರೆ

ನಮ್ಮ ಬಚ್ಚಲುಮನೆಯ ಮೊಳೆಗೆ ಒಂದು ಬ್ರಶ್ಶು ನೇತಾಡುತ್ತದೆ. ಹಿಡಿಕೆ ಗುಲಾಬಿ ಬಣ್ಣದ್ದು, ಬೆನ್ನ ಮೇಲೆ ನಗುತ್ತಿರುವ ನಾಯಿಯ ಚಿತ್ರ. ಮೊನ್ನೆ ಯುಗಾದಿಗೆ ಬಂದ ಬೀಗರ ಪೈಕಿ ಒಬ್ಬಾಕೆ ಸ್ನಾನಕ್ಕೆ ಹೋದವಳು ಅದರಿಂದಲೇ ತಲೆ ಬಾಚಿಕೊಂಡು ಹೊರಗೆ ಬಂದಳು. ಕೂದಲು ಒಳ್ಳೆ ರೇಷ್ಮೆಯ ಹಾಗೆ ಕೂತಿತ್ತು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆಕೆ ಊಟಕ್ಕೆ ನಿಲ್ಲುತ್ತಿರಲಿಲ್ಲ, ನಾನು ಅಷ್ಟೊಂದು ಹೋಳಿಗೆ ಮಾಡಿ ಇಟ್ಟಿದ್ದೆ. ನಿಮಗಾದರೆ ಹೇಳಬಹುದು, ನೀವೇನು ಊಟಕ್ಕೆ ಬಂದವರಲ್ಲ. ಆ ಬ್ರಶ್ಶು ಮನುಷ್ಯರದಲ್ಲ. ನಾಯಿಯದೂ ಅಲ್ಲ. ಕುದುರೆಯದು.

ಕಲ್ಯಾಣ ಊರಿನ ಪೂರ್ವ ಭಾಗದ ಚಾಳಿನ ಸಾಲುಮನೆಯಲ್ಲಿ ಇರುವವರಿಗೆ ಕುದುರೆ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ನನ್ನ ಮಗನ ತಲೆಯಿಂದ ಬಂತು.

ಮಗ ಬಸವರಾಜ, ನಾನು ಕರೆಯುವುದು ಬಸ್ಯಾ, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಟೆಂಪೊ ಓಡಿಸುತ್ತಿದ್ದ. ಹಗಲು ಕಬ್ಬಿಣದ ಸರಳು ಹೇರುವುದು, ಲಗ್ನದ ಕಾಲದಲ್ಲಿ ಸಂಜೆ ಹೊತ್ತು ಬ್ಯಾಂಡಿನವರ ದೀಪದ ಕಂಬ, ಜನರೇಟರು ಹೇರುವುದು. ಹೀಗೆ ಲಗ್ನಗಳ ಹಿಂದೆ ಟೆಂಪೊ ಬಿಟ್ಟೂ ಬಿಟ್ಟೂ ಅವನಿಗೆ ಒಂದು ಜ್ಞಾನ ಬಂತು. ಬ್ಯಾಂಡಿನವರು ಊದಿ ಸಾಯುತ್ತಾರೆ, ದೀಪದವರು ಹೊತ್ತು ಸಾಯುತ್ತಾರೆ, ಜನ ಫೋಟೊ ತೆಗೆಸಿಕೊಳ್ಳುವುದು ಮಾತ್ರ ಕುದುರೆಯ ಪಕ್ಕ. ಅದೇ ಹೊತ್ತಿಗೆ ಪನವೇಲ ಕಡೆಯ ಫಾರ್ಮ್ ಹೌಸಿನ ಸಾಹುಕಾರನೊಬ್ಬ ಬೇಜಾರಾಗಿ ತನ್ನ ಬಿಳಿ ಹೆಣ್ಣು ಕುದುರೆಯನ್ನು ಮಾರುತ್ತಾನೆಂದು ಇವನಿಗೆ ಗೊತ್ತಾಯಿತು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಸರಳು ಹೇರುವ ಟೆಂಪೊಕ್ಕೇ ಅದನ್ನು ಹತ್ತಿಸಿಕೊಂಡು ಬಂದ.

ಸಾಹುಕಾರ ಇಟ್ಟ ಹೆಸರು ಸ್ಟೆಲ್ಲಾ ಅಂತೆ. ನಮ್ಮ ಚಾಳಿನ ಬಾಯಿಗೆ ಬಿದ್ದು ಸಂಜೆಯೊಳಗೆ ಶೀಲಾ ಆಯಿತು. ನಮ್ಮ ಸಾಲಿನಲ್ಲಿ ಮೊದಲೇ ಒಬ್ಬ ಶೀಲಾ ಇದ್ದಳು, ಆಕೆ ಇವತ್ತಿಗೂ ನನ್ನ ಕಡೆ ನೋಡಿ ಮಾತಾಡುವುದಿಲ್ಲ. ಅದು ಇರಲಿ.

ಕುದುರೆಯನ್ನು ಕಟ್ಟಿದ್ದು ಚಾಳಿನ ಹಿಂದಿನ ಹಾಲಿನ ತಬೇಲಾದಲ್ಲಿ. ಎಮ್ಮೆಗಳು ಕಡಿಮೆಯಾಗಿ ಅರ್ಧ ತಬೇಲಾ ಖಾಲಿ ಬಿದ್ದಿತ್ತು. ಎಮ್ಮೆಗಳು ಇವಳನ್ನು ನೋಡಿದವು, ಮೆಲುಕು ಹಾಕಿದವು, ಸುಮ್ಮನಾದವು. ಇವಳು ಮಾತ್ರ ಸುಮ್ಮನಾಗಲಿಲ್ಲ. ಫಾರ್ಮ್ ಹೌಸಿನಲ್ಲಿ ಇವಳ ಕೆಲಸ ಬೇಲಿಯೊಳಗೆ ನಿಂತು ಚೆಂದ ಕಾಣುವುದು ಅಷ್ಟೇ. ಬೆನ್ನ ಮೇಲೆ ಒಂದು ಬಟ್ಟೆ ಬಿದ್ದಿರಲಿಲ್ಲ, ಬಾಯಿಗೆ ಕಡಿವಾಣ ಬಂದಿರಲಿಲ್ಲ. ಬಸ್ಯಾ ಹತ್ತಿರ ಹೋದರೆ ಕಿವಿ ಹಿಂದಕ್ಕೆ, ಹಲ್ಲು ಮುಂದಕ್ಕೆ. ಒಂದು ಸಲ ಅವನ ಅಂಗಿಯ ತೋಳು ಹರಿಯಿತು, ಇನ್ನೊಂದು ಸಲ ತಬೇಲಾದ ಬಕೀಟು ಚಪ್ಪಟೆಯಾಯಿತು.

ವಾರದೊಳಗೆ ಅವನ ಉತ್ಸಾಹ ಇಳಿಯಿತು. ಒಂದು ಮುಂಜಾನೆ ಚಹಾ ಕುಡಿಯುತ್ತಾ ಅಂದ, "ಯವ್ವಾ, ದೀಪಾವಳಿ ಆದಮ್ಯಾಲ ಡೊಂಬಿವಲಿಯಾಗ ಒಂದು ಲಗ್ನ ಹಿಡದೀನಿ. ಅದ್ರಾಗ ನಡದ್ರ ಇರ್ತೈತಿ. ಇಲ್ಲಂದ್ರ ಇಟ್ಟಂಗಿ ಭಟ್ಟಿಯಾಂವ ಕೇಳ್ಲಿಕತ್ತಾನ, ಕೊಟ್ಟು ಬಿಡ್ತೀನಿ."

ಇಟ್ಟಿಗೆ ಭಟ್ಟಿ ಏನೆಂದು ನನಗೆ ಗೊತ್ತು. ಊರ ಹೊರಗೆ ಬೆನ್ನ ಎರಡೂ ಕಡೆ ಇಟ್ಟಿಗೆ ಹೊತ್ತು ಹೋಗುವ ಕುದುರೆಗಳನ್ನು ನೋಡಿದ್ದೇನೆ. ಅವುಗಳ ಬೆನ್ನ ಮೇಲೆ ಬಟ್ಟೆ ಇರುವುದಿಲ್ಲ, ಗಾಯ ಇರುತ್ತದೆ.

ಮೊಮ್ಮಗಳು ರೇಖಾ ಅಳಲಿಕ್ಕೆ ಶುರು ಮಾಡಿದಳು. ಬಸ್ಯಾನ ಮಗಳು, ಆಗ ಕಾಲೇಜು ಕೊನೆಯ ವರ್ಷ. ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಬೈದರೆ ಮರಾಠಿಯಲ್ಲಿ ಗೊಣಗುತ್ತಾಳೆ. ಅಳು ಮಾತ್ರ ನಮ್ಮ ಕಡೆಯದೇ, ದೊಡ್ಡದು.

"ಅಳಬ್ಯಾಡ," ಅಂದೆ. "ಚಪ್ಪಲಿ ಹಾಕ್ಕೊ. ಸಾಮಾನು ತರೂಣು."

"ಕೌನ್ಸಾ ಸಾಮಾನ್, ಅಜ್ಜಿ?"

"ಕುದ್ರಿ ಸಾಮಾನು. ನಿಮ್ಮಪ್ಪ ಕುದ್ರಿ ತಂದಾನ, ಕುದ್ರಿಗೆ ಬೇಕಾದ್ದು ಒಂದೂ ತಂದಿಲ್ಲ. ಬರೇ ಮದುಮಗಳನ್ನ ಕರಕೊಂಡು ಬಂದ್ರ ಸಂಸಾರ ಆಗ್ತೈತೇನು?"

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಪ್ರಾಣಿಗಳೆಂದರೆ ಕರುಳು ಕರಗುವುದಿಲ್ಲ. ನಾಯಿಯನ್ನು ಮಗು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಆದರೆ ನನ್ನ ಅಪ್ಪ ಬಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದ. ಸ್ಟೇಶನ್ನಿನಿಂದ ಗೋಳಗುಮ್ಮಟಕ್ಕೆ, ಗೋಳಗುಮ್ಮಟದಿಂದ ಸ್ಟೇಶನ್ನಿಗೆ, ಅಷ್ಟೇ ಅವನ ಪ್ರಪಂಚ. ನಾನು ಶಾಲೆಯಲ್ಲಿ ಕೂತದ್ದಕ್ಕಿಂತ ಟಾಂಗಾದ ಸೀಟಿನ ಕೆಳಗೆ ಹುಲ್ಲಿನ ಚೀಲದ ಮೇಲೆ ಕೂತದ್ದೇ ಹೆಚ್ಚು. ತೊಗಲಿನ ವಾಸನೆ, ನೆನೆದ ಹುರುಳಿಯ ವಾಸನೆ, ಕುದುರೆಯ ಬೆವರಿನ ವಾಸನೆ, ಅಪ್ಪನ ಬೀಡಿಯ ವಾಸನೆ, ಈ ನಾಲ್ಕೂ ಕೂಡಿದರೆ ಇವತ್ತಿಗೂ ನನಗೆ ನಿದ್ದೆ ಬರುತ್ತದೆ. ಕುದುರೆಯ ಹಿಂದಿನಿಂದ ಹೋಗಿದ್ದಕ್ಕೆ ಅಪ್ಪ ಕಪಾಳಕ್ಕೆ ಹೊಡೆದದ್ದೂ ನೆನಪಿದೆ. ಕುದುರೆ ಒದ್ದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ, ನಾನೇ ಇರುತ್ತಿರಲಿಲ್ಲ.

ಹಾಗಾಗಿ ನನಗೆ ಕರುಳು ಕರಗದಿದ್ದರೂ ಕೈ ತುರಿಸುತ್ತಿತ್ತು. ಮದುವೆಯಾಗಿ ಈ ಕಡೆ ಬಂದ ಮೇಲೆ ಕುದುರೆ ಮುಟ್ಟಿರಲಿಲ್ಲ. ತಬೇಲಾದಿಂದ ಅವಳು ಕೆನೆದರೆ ಒಲೆಯ ಮುಂದೆ ಕೂತ ನನ್ನ ಬೆನ್ನು ತಾನೇ ನೆಟ್ಟಗಾಗುತ್ತಿತ್ತು.

ಮೊದಲು ಹೋದದ್ದು ವಾಶಿಗೆ. ಅಲ್ಲಿಯೇ ಯಾಕೆಂದರೆ ರೇಖಾ ದಿನಾ ಕಾಲೇಜು ಬಿಟ್ಟ ಮೇಲೆ ಅಲ್ಲೊಂದು ಅಂಗಡಿಯಲ್ಲಿ ಅರ್ಧ ದಿನ ಕೆಲಸಕ್ಕೆ ಹೋಗುತ್ತಿದ್ದಳು. ಪೆಟ್ ಶಾಪು ಎಂದಿದ್ದಳು. ಹಿಂದಿಯಲ್ಲಿ ಪೇಟ್ ಅಂದರೆ ಹೊಟ್ಟೆ ಎಂದು ಈ ದೇಶಕ್ಕೆ ಬಂದ ಮೊದಲ ವಾರವೇ ಕಲಿತವಳು ನಾನು. ಮೊಮ್ಮಗಳು ಹೊಟ್ಟೆನೋವಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದು ಇಡೀ ಚಾಳಿಗೆ ಹೇಳಿಕೊಂಡು ಬಂದಿದ್ದೆ. ಇಬ್ಬರು ಮೂವರು ಗ್ಯಾಸಿಗೆ ಗುಳಿಗೆ ತರಿಸಿಕೊಡು ಎಂದು ಕೇಳಿಯೂ ಇದ್ದರು.

ಠಾಣೆಯಿಂದ ವಾಶಿಗೆ ನೇರ ರೈಲು ಶುರುವಾಗಿ ಕೆಲವು ವರ್ಷ ಆಗಿತ್ತು. ಕಲ್ಯಾಣದಲ್ಲಿ ಹತ್ತಿ ಠಾಣೆಯಲ್ಲಿ ಇಳಿದು ಗಾಡಿ ಬದಲಿಸಿ ಹೋದೆವು. ಅಂಗಡಿ ನೋಡಿ ನನ್ನ ಬಾಯಿ ಮುಚ್ಚಲಿಲ್ಲ. ನಾಯಿಗೆ ಹಾಸಿಗೆ, ನಾಯಿಗೆ ರೇನ್‌ಕೋಟು, ನಾಯಿಗೆ ಎಲುಬಿನ ಆಕಾರದ ಬಿಸ್ಕೀಟು. ನಾಲ್ಕು ಕಾಲಿಗೆ ನಾಲ್ಕು ಬೂಟು. ನನ್ನ ಗಂಡ ಜೀವಮಾನವಿಡೀ ಒಂದೇ ಜೋಡು ಮೆಟ್ಟಿದ ಮನುಷ್ಯ. ಮೀನಿಗೆ ಮನೆ ಇತ್ತು, ಅದಕ್ಕೆ ಕಿಟಕಿ ಇತ್ತು. ನಮ್ಮ ಚಾಳಿನ ಎಷ್ಟೋ ಮನೆಗಳಿಗೆ ಕಿಟಕಿ ಇಲ್ಲ.

ಅಲ್ಲಿ ಬಿಸ್ಕೀಟು ಆರಿಸುತ್ತಿದ್ದ ಒಬ್ಬಾಕೆ ನಾವು ಮಾತಾಡುವುದನ್ನು ಕೇಳಿ ತಿರುಗಿದಳು. ಮೈಸೂರಿನವಳು, ಗಂಡ ಯಾವುದೋ ಕಂಪ್ಯೂಟರ್ ಕಂಪನಿ.

"ಅಯ್ಯೋ, ಕನ್ನಡದವರಾ ಅಜ್ಜಿ? ಎಷ್ಟ್ ಖುಷಿ ಆಯ್ತು ಗೊತ್ತಾ. ನಿಮ್ಮದು ಯಾವ ಬ್ರೀಡು?"

"ನಾವು ಬಿಜಾಪುರದವ್ರು," ಅಂದೆ.

ಆಕೆ ನಗು ನುಂಗಿಕೊಂಡಳು. "ಅಲ್ಲ ಅಜ್ಜಿ, ಮನೇಲಿ ಸಾಕಿರೋದು. ಸೈಜ್ ಎಷ್ಟಿದೆ? ಸ್ಮಾಲಾ, ಮೀಡಿಯಮ್ಮಾ?"

"ನಮ್ಮ ಬಾಗಿಲಾಗ ಹಿಡಸೂದಿಲ್ಲ."

"ಗ್ರೇಟ್ ಡೇನ್ ಇರಬೇಕು," ಎಂದು ಆಕೆ ತನ್ನಷ್ಟಕ್ಕೆ ಅಂದಳು. "ಏನ್ ತಿನ್ನತ್ತೆ?"

"ಹುಲ್ಲು ತಿಂತಾಳ್ರಿ. ಹುರುಳಿ ತಿಂತಾಳ. ಮೊನ್ನೆ ನನ್ನ ಮಗನ ಅಂಗಿ ತಿಂದ್ಳು."

ರೇಖಾ ತಲೆ ತಗ್ಗಿಸಿಕೊಂಡು, "ಆಂಟಿ, ಘೋಡಿ ಹೈ," ಅಂದಳು. ಆಕೆಯ ಕೈಯ ಬಿಸ್ಕೀಟಿನ ಡಬ್ಬಿ ಹಾಗೇ ನಿಂತಿತು. ಆಮೇಲೆ ಆಕೆಗೆ ಬಂದ ಹುರುಪು ನೋಡಬೇಕಿತ್ತು. ಅಂಗಡಿಯವನ ಹಿಂದೆ ಬಿದ್ದು, ಕುದುರೆಗೆ ಏನಿದೆ ತೋರಿಸು, ಅದನ್ನು ತೆಗೆ, ಇದನ್ನು ತೆಗೆ ಎಂದು ಅಂಗಡಿ ತಲೆಕೆಳಗು ಮಾಡಿಸಿದಳು. ಕುದುರೆಯದು ಬೇಕಾದರೆ ಬುಕ್ಕಿನಲ್ಲಿ ನೋಡಿ ಆರ್ಡರ್ ಕೊಡಬೇಕು, ಬರಲು ತಿಂಗಳು ಆಗಬಹುದು ಎಂದ ಅವನು. ಬುಕ್ಕಿನಲ್ಲಿ ಬಿಳಿ ಜನ ಬೂಟು ಹಾಕಿಕೊಂಡು ಕುದುರೆಯ ಪಕ್ಕ ನಿಂತಿದ್ದರು. ಆ ಕುದುರೆಗಳು ಎಷ್ಟು ಶುಭ್ರವಾಗಿದ್ದವೆಂದರೆ ಅವುಗಳಿಗೆ ನನ್ನ ಕೈ ಬೇಕಿರಲಿಲ್ಲ.

ಕೊನೆಗೆ ದೊಡ್ಡ ನಾಯಿಯ ಬ್ರಶ್ಶು ಒಂದನ್ನು ಎತ್ತಿಕೊಂಡು ನನ್ನ ತೋಳಿಗೆ ತಿಕ್ಕಿ ನೋಡಿದೆ. ಅಪ್ಪನ ಹತ್ತಿರ ಕಬ್ಬಿಣದ ಹಲ್ಲಿನ ಖರಾರಾ ಇತ್ತು, ಮೊದಲು ಅದರಿಂದ ಮಣ್ಣು ತೆಗೆದು ಆಮೇಲೆ ಮೆತ್ತಗಿನ ಬ್ರಶ್ಶಿನಿಂದ ಹೊಳಪು ಕೊಡುತ್ತಿದ್ದ. ಇದು ಎರಡಕ್ಕೂ ಆದೀತು ಅನ್ನಿಸಿತು. ಹೀಗೆ ಆ ಗುಲಾಬಿ ಹಿಡಿಕೆ ನಮ್ಮ ಮನೆಗೆ ಬಂತು.

ವಾಶಿಯಲ್ಲೇ ದೊಡ್ಡ ಸಗಟು ಮಾರ್ಕೆಟ್ಟಿದೆ. ಅಲ್ಲಿ ಹುರುಳಿ ಕೇಳಿದೆ. ಹುರುಳಿ ಎಂದರೆ ಯಾರಿಗೂ ತಿಳಿಯಲಿಲ್ಲ, ಕುಳೀತ್ ಎಂದು ರೇಖಾ ಹೇಳಿಕೊಟ್ಟಳು. ವ್ಯಾಪಾರಿ ಮರಾಠಿಯವನು, ವಯಸ್ಸಾದವನು. ಗೋಣಿ ತೋರಿಸಿ, ಇದಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದ.

"ಒಂದು ಗೋಣಿ ಸಾಕೇನೊ," ಎಂದು ನಾನು ನನ್ನ ಮುರುಕು ಹಿಂದಿಯಲ್ಲಿ ಅಂದೆ.

"ಬಾಯಿ, ಮನೆಯಲ್ಲಿ ಎಷ್ಟು ಮಂದಿ?"

"ತಿನ್ನುವವಳು ಒಬ್ಬಳೇ."

ಅವನು ದುಃಖದಿಂದ ತಲೆ ಅಲ್ಲಾಡಿಸಿದ. "ಸೊಸೆಯೇ?"

ರೇಖಾ ಇದನ್ನು ಮನೆಗೆ ಬಂದು ತಾಯಿಗೆ ಹೇಳಿದಳು. ಸೊಸೆ ಆ ರಾತ್ರಿ ಬೇಕೆಂದೇ ಒಂದು ರೊಟ್ಟಿ ಕಡಿಮೆ ತಿಂದು, ತಟ್ಟೆ ತೊಳೆಯುವಾಗ ಜೋರಾಗಿ ಸದ್ದು ಮಾಡಿದಳು.

ಜೀನು ಬ್ಯಾಂಡಿನವರ ಹತ್ತಿರ ಹಳೆಯದೊಂದು ಸಿಕ್ಕಿತು, ಅದನ್ನು ಬಿಗಿಯುವ ಪಟ್ಟಾ ಸಿಕ್ಕಿದ್ದು ಕಳಂಬೋಲಿಯಲ್ಲಿ. ಲಾರಿಯ ಮೇಲೆ ಕಬ್ಬಿಣ ಕಟ್ಟುವ ಅಗಲವಾದ ನೈಲಾನು ಪಟ್ಟಾ. ಅದನ್ನು ಕಿತ್ತಳೆ ಬಣ್ಣದ್ದೇ ಕೊಡು ಎಂದು ನಾನು ಹಟ ಹಿಡಿದೆ, ಬಿಳಿಯ ಮೇಲೆ ಒಪ್ಪುತ್ತದೆಂದು. ಬಸ್ಯಾ ತಲೆ ಚಚ್ಚಿಕೊಂಡ. "ಯವ್ವಾ, ಇದು ಸೀರಿ ಅಲ್ಲ." ಕಲ್ಯಾಣದ ಚಮ್ಮಾರನೊಬ್ಬ ಅದಕ್ಕೆ ಬಕಲು ಹೊಲಿದು, ಮಿಕ್ಕ ತುಂಡಿನಲ್ಲಿ ಮೂಗುಪಟ್ಟಿಯನ್ನೂ ಮಾಡಿಕೊಟ್ಟ. ಠಾಣೆಯ ನೌಪಾಡಾದ ಲಗ್ನದ ಸಾಮಾನಿನ ಅಂಗಡಿಯಲ್ಲಿ ಗೆಜ್ಜೆ, ಜರಿ, ತುರಾಯಿ. ಗೆಜ್ಜೆಯ ಚೀಲ ಹೊತ್ತು ಹೆಂಗಸರ ಡಬ್ಬಿಯಲ್ಲಿ ಬಂದೆ. ಗಾಡಿ ಪ್ರತಿ ಸ್ಟೇಶನ್ನಿನಲ್ಲಿ ಜಗ್ಗಿದಾಗ ನನ್ನ ಮಡಿಲು ಘಲ್ ಅನ್ನುತ್ತಿತ್ತು. ಎದುರಿಗೆ ಕೂತವಳು ಬಗ್ಗಿ ನೋಡಿದಳು, ನನ್ನ ವಯಸ್ಸು ನೋಡಿದಳು, ಏನು ಕಲಿಯುತ್ತಿದ್ದೀರಿ ಎಂದು ಕೇಳಲು ಧೈರ್ಯ ಬರಲಿಲ್ಲ ಅವಳಿಗೆ.

ಜೀನಿನ ಕೆಳಗೆ ಹಾಸಲು ಮೆತ್ತೆ ಬೇಕಿತ್ತು. ಅದನ್ನು ಹುಡುಕಲಿಲ್ಲ. ಪೆಟ್ಟಿಗೆಯಲ್ಲಿ ರೇಖಾಳ ಲಗ್ನಕ್ಕೆಂದು ಹೊಲಿದಿಟ್ಟ ಕೌದಿ ಇತ್ತು, ಹಳೆಯ ಸೀರೆಗಳದ್ದು, ಒತ್ತು ಹೊಲಿಗೆಯದು. ರೇಖಾಳ ಲಗ್ನ ಗೊತ್ತಾಗಿರಲಿಲ್ಲ, ಕುದುರೆಗೆ ಲಗ್ನ ಗೊತ್ತಾಗಿತ್ತು. ಕೌದಿ ಕುದುರೆಗೆ ಹೋಯಿತು.

ಇನ್ನು ಕಲಿಸುವುದು. ನಿಮ್ಮ ಹತ್ತಿರ ಕುದುರೆ ಇಲ್ಲ ಎಂದು ಗೊತ್ತು, ಆದರೂ ಕೇಳಿಸಿಕೊಳ್ಳಿ, ಹೇಳದೆ ನನ್ನಿಂದ ಇರಲಿಕ್ಕಾಗುವುದಿಲ್ಲ. ಕುದುರೆಯ ಹತ್ತಿರ ಎಡಗಡೆಯಿಂದ, ಭುಜದ ನೇರಕ್ಕೆ, ಏನಾದರೂ ಮಾತಾಡುತ್ತಾ ಹೋಗಬೇಕು. ಏನು ಮಾತಾಡುತ್ತೀರಿ ಎಂಬುದು ಮುಖ್ಯವಲ್ಲ. ನಾನು ಸೊಸೆಯ ಬಗ್ಗೆ ಮಾತಾಡುತ್ತಿದ್ದೆ. ಮೊದಲ ದಿನಗಳಲ್ಲಿ ಬ್ರಶ್ಶು ಮಾತ್ರ. ಕುತ್ತಿಗೆ, ಭುಜ, ಬೆನ್ನು. ಎಲ್ಲಿ ತಿಕ್ಕಿದರೆ ಕೆಳತುಟಿ ಜೋಲುತ್ತದೋ ಅಲ್ಲಿ ಇನ್ನಷ್ಟು ತಿಕ್ಕಬೇಕು. ಶೀಲಾಳದು ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಜಾಗ. ಅಲ್ಲಿ ಬ್ರಶ್ಶು ಆಡಿಸಿದರೆ ಅವಳ ಕಣ್ಣು ಅರ್ಧ ಮುಚ್ಚುತ್ತಿತ್ತು. ಅದು ಆದ ಮೇಲೆ ಕೌದಿ. ತೋರಿಸಿ, ಮೂಸಲು ಬಿಟ್ಟು, ಹಾಕಿ, ತೆಗೆದು, ಮತ್ತೆ ಹಾಕಿ. ಆಮೇಲೆ ಪಟ್ಟಾ, ಮೊದಲು ಸಡಿಲ, ದಿನಾ ಒಂದು ತೂತು ಬಿಗಿ. ಆಮೇಲೆ ಜೀನು. ಆಮೇಲೆ ಜೀನಿನ ಮೇಲೆ ಹುರುಳಿಯ ಚೀಲ. ಕೊನೆಗೆ ರೇಖಾ.

ರೇಖಾ ಮೊದಲ ಸಲ ಹತ್ತಿ ಕೂತಾಗ ಅವಳ ಮುಖ ನೋಡಬೇಕಿತ್ತು. ಎತ್ತರದಿಂದ ತಬೇಲಾದ ತಗಡಿನ ಮೇಲಿನ ಚೆಂಡುಗಳೆಲ್ಲ ಕಾಣುತ್ತವೆ ಎಂದು ಕೂಗಿದಳು. ಎಷ್ಟೋ ವರ್ಷಗಳಿಂದ ಕಳೆದುಹೋದ ಚೆಂಡುಗಳು. ನನಗೂ ಹತ್ತಬೇಕೆನ್ನಿಸಿತು. ಮೊಣಕಾಲು ಬೇಡವೆಂದಿತು.

ಸದ್ದಿಗೆ ಹೆದರದಿರುವುದನ್ನು ಕಲಿಸಲು ಕಷ್ಟವಾಗಲಿಲ್ಲ, ಚಾಳಿನಲ್ಲಿ ಸದ್ದಿಗೆ ಬರವೇ? ನಾನು ಕುಕ್ಕರಿನ ಮುಚ್ಚಳ ಬಡಿದೆ. ಮೊದಲು ದೂರದಿಂದ, ಮೆಲ್ಲಗೆ, ಹುರುಳಿ ತಿನ್ನುವ ಹೊತ್ತಿಗೆ. ಆಮೇಲೆ ಹತ್ತಿರದಿಂದ. ಗಣಪತಿ ಬಂತು, ಓಣಿಯಲ್ಲಿ ಢೋಲು, ತಾಶಾ, ಸ್ಪೀಕರು. ಗೋಡೆಯ ಈಚೆ ಬೆಲ್ಲ ಹಿಡಿದು ನಿಂತೆ. ಮೊದಲ ದಿನ ನಡುಗಿದಳು, ಹನ್ನೊಂದನೆಯ ದಿನದ ಗಣಪತಿ ಹೋಗುವಾಗ ಮಲಗಿದ್ದಳು.

ಎಲ್ಲಕ್ಕಿಂತ ಮುಖ್ಯ ನಿಲ್ಲುವುದು. ನಡೆಯುವ ಕುದುರೆ ಎಲ್ಲರಿಗೂ ಬೇಕು, ನಿಲ್ಲುವ ಕುದುರೆ ಜೀವ ಉಳಿಸುತ್ತದೆ. ಅಪ್ಪನ ಟಾಂಗಾ ನಿಲ್ಲುತ್ತಿದ್ದದ್ದು ಒಂದೇ ಮಾತಿಗೆ, "ಹೋ." ಉದ್ದಕ್ಕೆ ಎಳೆದರೂ ಸರಿ, ಗಿಡ್ಡಕ್ಕೆ ಅಂದರೂ ಸರಿ. ಅದನ್ನೇ ಕಲಿಸಿದೆ. ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವುದು, "ಹೋ" ಅನ್ನುವುದು, ನಾನೂ ನಿಲ್ಲುವುದು. ಅವಳು ನಿಂತ ಕೂಡಲೇ ಹಗ್ಗ ಸಡಿಲ ಬಿಟ್ಟು ಬೆಲ್ಲ. ನಿಂತ ಮೇಲೂ ಹಗ್ಗ ಜಗ್ಗುತ್ತಿದ್ದರೆ ಯಾವ ಕುದುರೆಗೆ ತಿಳಿದೀತು, ಯಾವುದು ಸರಿ ಯಾವುದು ತಪ್ಪೆಂದು? ಹೊರಡಲು ನಾಲಗೆಯಿಂದ ಟಕ್ ಟಕ್. ಶೀಲಾ ಇದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ ರೇಖಾ ಓಡಿಸುವಾಗ ನಾನು ತಬೇಲಾದ ಬಾಗಿಲಿನಿಂದ "ಹೋ" ಅಂದರೆ ಆ ಮೂಲೆಯಲ್ಲಿ ನೆಟ್ಟ ಕಂಬದಂತೆ ನಿಲ್ಲುತ್ತಿದ್ದಳು. ರೇಖಾ ಮಾತ್ರ ಕುತ್ತಿಗೆಯವರೆಗೂ ಮುಂದೆ ಹೋಗಿ ಬರುತ್ತಿದ್ದಳು.

ನೋಡಲು ಬಂದ ಬಸ್ಯಾನಿಗೂ ನಗು ಬಂತು. ಆದರೂ ಅಂದ, "ತಬೇಲಾದಾಗ ಎಲ್ಲಾರೂ ಶ್ಯಾಣ್ಯಾರ, ಯವ್ವಾ. ಡೊಂಬಿವಲಿಯಾಗ ನೋಡೂಣು."

ಡೊಂಬಿವಲಿಯ ದಿನ ಬಂತು. ವರಾತ, ಅಂದರೆ ಮದುಮಗನ ಮೆರವಣಿಗೆ, ಸಂಜೆ, ಮಾರುತಿ ಗುಡಿಯಿಂದ ಲಗ್ನದ ಹಾಲಿನವರೆಗೆ. ಹೆಚ್ಚು ದೂರವಲ್ಲ, ನಡುವೆ ಒಂದು ಮಾರ್ಕೆಟ್ಟು, ರಿಕ್ಷಾ ಸ್ಟ್ಯಾಂಡು. ಬಿಳಿ ಮೈ, ಕಿತ್ತಳೆ ಪಟ್ಟಾ, ಜರಿಯ ಅಂಚಿನಿಂದ ಇಣುಕುವ ನನ್ನ ಕೌದಿ, ತಲೆಯ ಮೇಲೆ ತುರಾಯಿ. ಶೀಲಾ ಎಷ್ಟು ಚೆಂದ ಕಂಡಳೆಂದರೆ ಮದುಮಗನನ್ನು ಯಾರೂ ನೋಡಲಿಲ್ಲ. ಅವನು ತೆಳ್ಳಗಿನ ಹುಡುಗ, ಬ್ಯಾಂಕಿನವನು, ತಲೆಗೆ ಫೇಟಾ, ಬೆಳಗ್ಗಿನಿಂದ ಬಾಯಿ ಬಿಟ್ಟಿರಲಿಲ್ಲವಂತೆ. ಬಸ್ಯಾ ಲಗಾಮು ಹಿಡಿದ. ರೇಖಾ ಆಚೆ ಬದಿಗೆ. ನನಗೆ ಹಿಂದೆ ಬರಬೇಡ ಎಂದಿದ್ದರು, ಆದ್ದರಿಂದ ಪಕ್ಕದಲ್ಲಿ ಬಂದೆ.

ಬ್ಯಾಂಡು ಭೋರೆಂದಿತು. ಶೀಲಾ ಕಿವಿ ಕೂಡ ಅಲ್ಲಾಡಿಸಲಿಲ್ಲ. ನನಗೆ ಒಳಗಿನಿಂದ ಉಕ್ಕಿ ಬಂತು. ರಿಕ್ಷಾದವರಿಗೆ, ತರಕಾರಿಯವಳಿಗೆ, ಎಲ್ಲರಿಗೂ ನಿಲ್ಲಿಸಿ ಹೇಳಬೇಕು ಅನ್ನಿಸಿತು, ಇದು ನಾನು ಕಲಿಸಿದ್ದು ಎಂದು. ಒಬ್ಬ ಬಾಳೆಹಣ್ಣಿನವನಿಗೆ ಹೇಳಿಯೂ ಹೇಳಿದೆ.

ಅಷ್ಟರಲ್ಲಿ ಕುದುರೆ ನಿಂತಿತು.

ಬಸ್ಯಾ ಟಕ್ ಟಕ್ ಅಂದ. ನಡೆಯಿತು. ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಂತಿತು. ಮದುಮಗ ಮುಂದಕ್ಕೆ ಬಾಗಿದ, ಫೇಟಾ ಕಣ್ಣಿಗೆ ಬಂತು. ಹುಡುಗರು ಕುದುರೆ ತಮ್ಮ ಕುಣಿತಕ್ಕೇ ನಿಂತಿದೆ ಎಂದುಕೊಂಡು ಇನ್ನಷ್ಟು ಕುಣಿದರು. ನಡೆಯಿತು. ನಿಂತಿತು. ಹಿಂದೆ ರಿಕ್ಷಾಗಳು ಹಾರ್ನು ಒತ್ತತೊಡಗಿದವು. ಹೆಂಗಸರು ಮುಹೂರ್ತ, ಮುಹೂರ್ತ ಎನ್ನತೊಡಗಿದರು. ಬಸ್ಯಾನ ಅಂಗಿ ಬೆನ್ನಿಗೆ ಅಂಟಿತು. ನನ್ನ ಕಡೆ ತಿರುಗಿ ಹಲ್ಲು ಕಚ್ಚಿ ಅಂದ, "ನಾಳಿ ಮುಂಜಾನಿ ಭಟ್ಟಿಯಾಂವಗ ಫೋನ್ ಮಾಡ್ತೀನಿ."

ನನಗೆ ತಲೆ ಓಡಲಿಲ್ಲ. ಲಾಳ ಸಡಿಲಾಯಿತೇ? ಪಟ್ಟಾ ಒತ್ತುತ್ತಿದೆಯೇ? ಬಗ್ಗಿ ಹೊಟ್ಟೆಯ ಕೆಳಗೆ ಕೈ ಹಾಕಿ ನೋಡಿದೆ. ಏನೂ ಇಲ್ಲ. ಅವಳು ಶಾಂತವಾಗಿ ನಿಂತು, ಮೂತಿಯಿಂದ ನನ್ನ ಸೆರಗನ್ನು ತಡಕುತ್ತಿದ್ದಳು. ಬೆಲ್ಲ ಹುಡುಕುತ್ತಿದ್ದಳು. ಬೆಲ್ಲ ಯಾಕೆ ಹುಡುಕುತ್ತಾಳೆ? ಹೇಳಿದ ಮಾತು ಕೇಳಿದಾಗ ತಾನೆ ಬೆಲ್ಲ?

ಆಗ ನನ್ನ ಕಿವಿ ತೆರೆಯಿತು. ಕುದುರೆಯ ಪಕ್ಕದಲ್ಲೇ ಮದುಮಗನ ಸೋದರಮಾವ ನಡೆಯುತ್ತಿದ್ದ. ದಪ್ಪ ಮನುಷ್ಯ, ಎಲ್ಲರೂ ಮಾಮಾ ಎನ್ನುತ್ತಿದ್ದರು. ಕಿವಿಗೆ ಮೊಬೈಲು. ಲಗ್ನದ ಹಾಲಿನಿಂದ ಹೆಣ್ಣಿನ ಕಡೆಯವರು ಎಲ್ಲಿದ್ದೀರಿ ಎಂದು ಕೇಳುತ್ತಿದ್ದರು, ಈತ ಹೊರಟೆವು, ಬಂದೇಬಿಟ್ಟೆವು ಎಂದು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ.

"ಹೋ. ಹೋ ಹೋ, ನಿಘಾಲೋ. ಹೋ, ಆಲೋಚ. ಹೋ."

ಮರಾಠಿಯಲ್ಲಿ ಹೋ ಎಂದರೆ ಹೌದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಇಷ್ಟು ವರ್ಷದಿಂದ ಕೇಳುತ್ತಿದ್ದೇನೆ. ಕುದುರೆಗೆ ಗೊತ್ತಿರಲಿಲ್ಲ. ನಮ್ಮ ತಬೇಲಾದ ಸುತ್ತ ಇರುವವರು ಉತ್ತರದ ಭಯ್ಯಾಗಳು, ಕಲಬುರ್ಗಿ, ರಾಯಚೂರಿನವರು. ಅವರೆಲ್ಲ ಹಾಂ ಅನ್ನುವವರು, ಹೂಂ ಅನ್ನುವವರು. ಡೊಂಬಿವಲಿ ಹಾಗಲ್ಲ. ಅಲ್ಲಿ ಇಡೀ ಊರೇ ಹೋ ಅನ್ನುತ್ತದೆ. ಬಿಜಾಪುರದ ಟಾಂಗಾದ ಮಾತನ್ನು ಕಲಿಸಿ, ಒಂದು ಮರಾಠಿ ಲಗ್ನದ ನಡುವೆ ತಂದು ಬಿಟ್ಟಿದ್ದೆ. ವರಾತ ನಿಂತಿತೆಂದು ಫೋನು ಬರುತ್ತಿತ್ತು, ಫೋನು ಬಂದಿತೆಂದು ಮಾಮಾ ಹೋ ಅನ್ನುತ್ತಿದ್ದ, ಹೋ ಎಂದನೆಂದು ವರಾತ ನಿಲ್ಲುತ್ತಿತ್ತು. ಹೀಗೇ ಬಿಟ್ಟರೆ ಆ ಹುಡುಗನ ಲಗ್ನ ಮುಂದಿನ ವರ್ಷದ ತುಳಸಿ ಹಬ್ಬಕ್ಕೆ ಆಗುತ್ತಿತ್ತು.

ರೇಖಾಳ ಜಡೆ ಜಗ್ಗಿ ಹೇಳಿದೆ. ಅವಳು ಕಣ್ಣರಳಿಸಿದಳು, ಓಡಿಹೋಗಿ ಮಾಮಾನಿಗೆ ಮರಾಠಿಯಲ್ಲಿ ಅಂದಳು, "ಮಾಮಾ, ಹೋ ಅನ್ನಬೇಡಿ. ಕುದುರೆಗೆ ಅದು ನಿಲ್ಲು ಅಂತ."

"ಹೋ?" ಅಂದ ಮಾಮಾ ಆಶ್ಚರ್ಯದಿಂದ.

ಆಗಷ್ಟೇ ಹೊರಟಿದ್ದ ಕುದುರೆ ನಿಂತಿತು.

"ಹೋ ಹೋ, ಸಮಜಲಾ," ಎಂದ ಮಾಮಾ. ನಿಂತ ಕುದುರೆ ಇನ್ನೂ ಗಟ್ಟಿಯಾಗಿ ನಿಂತಿತು. ಮಾಮಾ ತನ್ನ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡ. ಫೋನು ಮತ್ತೆ ರಿಂಗಾಯಿತು. ಅವನು ನನ್ನ ಮುಖ ನೋಡಿದ, ಏನನ್ನಲಿ ಎಂಬಂತೆ.

"ಹೌದು ಅನ್ರಿ," ಅಂದೆ.

"ಹವದು," ಎಂದ ಮಾಮಾ ಫೋನಿಗೆ, ಹೆದರಿ ಹೆದರಿ. ಆಚೆ ಕಡೆಯವರು ಏನೋ ಕೇಳಿದರು. "ಹವದು, ಹವದು. ಆಲೋಚ. ಹವದು."

ಶೀಲಾ ನಡೆದಳು. ಈ ಸುದ್ದಿ ವರಾತದ ತುಂಬ ಹಬ್ಬಿತು. ಹೆಂಗಸರು ಒಬ್ಬರ ಬಾಯಿ ಒಬ್ಬರು ಮುಚ್ಚಿದರು. ಹುಡುಗರಲ್ಲಿ ಇಬ್ಬರು ಬೇಕೆಂದೇ ಹೋ ಎಂದು ಕುದುರೆ ನಿಲ್ಲಿಸಿ ನೋಡಿದರು, ಮಾಮಾ ಅವರ ಬೆನ್ನಿಗೆ ಗುದ್ದಿದ. ಬ್ಯಾಂಡಿನವರು ಊದುವುದು ಬಿಟ್ಟು ನಕ್ಕರು. ಮಾರ್ಕೆಟ್ಟು ದಾಟುವ ಹೊತ್ತಿಗೆ ಅಷ್ಟೂ ಜನ ಕುಣಿಯುತ್ತಾ ಹವದು, ಹವದು ಎನ್ನುತ್ತಿದ್ದರು. ಇಡೀ ಡೊಂಬಿವಲಿ ರಸ್ತೆ ಕನ್ನಡ ಮಾತಾಡಿತು, ಅದೂ ಒಂದೇ ಶಬ್ದ, ಅದೂ ತಪ್ಪು ಉಚ್ಚಾರ. ನನಗೆ ಅಷ್ಟೇ ಸಾಕಾಗಿತ್ತು. ನಾನೂ ಎರಡು ಹೆಜ್ಜೆ ಕುಣಿ‌ದೆ. ರೇಖಾ ಇದನ್ನು ಒಪ್ಪುವುದಿಲ್ಲ, ಎಡವಿದ್ದು ಎನ್ನುತ್ತಾಳೆ.

ಲಗ್ನದ ಹಾಲಿನ ಗೇಟು ಕಂಡಿತು. ಹೆಣ್ಣಿನ ಕಡೆಯವರು ಆರತಿ ಹಿಡಿದು ನಿಂತಿದ್ದರು. ಯಾರೋ ಪುಣ್ಯಾತ್ಮ ಆಗಲೇ ಪಟಾಕಿಯ ಸರಕ್ಕೆ ಕಿಡಿ ಇಟ್ಟ, ಕುದುರೆಯ ಹಿಂಗಾಲಿನ ಹತ್ತಿರವೇ. ಢೋಲು ಕಲಿಸಿದ್ದೆ, ಕುಕ್ಕರು ಕಲಿಸಿದ್ದೆ, ಕಾಲಡಿಯ ಪಟಾಕಿ ಕಲಿಸಿರಲಿಲ್ಲ. ಶೀಲಾ ಜಿಗಿದಳು. ಲಗಾಮು ಬಸ್ಯಾನ ಕೈಯಿಂದ ಹಾರಿತು. ಮದುಮಗ ಕುತ್ತಿಗೆಗೆ ಜೋತುಬಿದ್ದ. ಕುದುರೆ ನೇರ ಆರತಿಯ ಕಡೆ.

ನೀವು ನಂಬುವುದಿಲ್ಲ. ಹೋ ಅನ್ನಬೇಡಿ ಎಂದು ನಾವು ಎಷ್ಟು ಕಲಿಸಿದ್ದೆವೆಂದರೆ ಅಷ್ಟು ಜನರಲ್ಲಿ ಒಬ್ಬರ ಬಾಯಿಂದಲೂ ಅದು ಹೊರಡಲಿಲ್ಲ. ಮಾಮಾ ಓಡುತ್ತಾ "ಹವದು, ಹವದು" ಎಂದು ಕಿರುಚುತ್ತಿದ್ದ. ಬಸ್ಯಾನೂ ಅದನ್ನೇ ಕಿರುಚುತ್ತಿದ್ದ. ನನ್ನ ಗಂಟಲು ಹೊಗೆಗೆ ಕಟ್ಟಿ ಕೆಮ್ಮು ಮಾತ್ರ ಬಂತು.

ಆಗ ಮೇಲಿನಿಂದ, ಬೆಳಗ್ಗಿನಿಂದ ಬಾಯಿ ಬಿಡದ ಆ ಹುಡುಗ, ಕಣ್ಣು ಮುಚ್ಚಿಕೊಂಡೇ ಕೂಗಿದ, "ಹೋ..."

ಕುದುರೆ ನಿಂತಿತು. ಆರತಿಯ ತಟ್ಟೆಯಿಂದ ಒಂದು ಗೇಣು ಈಚೆ. ಗೇಟಿನ ಒಳಗೆ ಹಾರ ಹಿಡಿದ ಹುಡುಗಿ ನಿಂತಿದ್ದಳು. ಆಮೇಲೆ ಹೆಣ್ಣಿನ ಅಜ್ಜಿ, ನನ್ನ ವಯಸ್ಸಿನವಳೇ, ಮರಾಠಿಯಲ್ಲಿ ಅಂದಳು, "ಭಟ್ಟರು ಇನ್ನೂ ಕೇಳೇ ಇಲ್ಲ, ಇವನು ಆಗಲೇ ಹೋ ಅಂದುಬಿಟ್ಟ." ನಗು ಗೇಟಿನಿಂದ ಹೊರಟು ರಿಕ್ಷಾ ಸ್ಟ್ಯಾಂಡಿನ ತನಕ ಹೋಯಿತು. ಶೀಲಾ ಆ ನಗುವಿನ ನಡುವೆ ತಟ್ಟೆಗೆ ಮೂತಿ ಹಾಕಿ ಪೇಡೆ ತಿಂದಳು. ಯಾರೂ ತಡೆಯಲಿಲ್ಲ. ಹೇಳಿದ ಮಾತು ಕೇಳಿದ್ದಳು, ಅವಳ ಪಾಲು ಅದು.

ಮದುಮಗ ಇಳಿದು ಒಳಗೆ ಹೋದ. ನಾವು ಬೀದಿಯಲ್ಲಿ ತುರಾಯಿ ಬಿಚ್ಚುತ್ತಿದ್ದೆವು. ಬಸ್ಯಾ ನನ್ನ ಕಡೆ ನೋಡುತ್ತಿರಲಿಲ್ಲ. ಪಟಾಕಿ ಅವಳ ತಪ್ಪಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ನಾನು ಬೇಡುವ ಹೆಂಗಸಲ್ಲ. ಬ್ರಶ್ಶು ತೆಗೆದು ಅವಳ ಕುತ್ತಿಗೆ ಮುಗಿಯುವ ಜಾಗದಲ್ಲಿ ತಿಕ್ಕುತ್ತಾ ನಿಂತೆ. ಸ್ವಲ್ಪ ಜೋರಾಗಿಯೇ ತಿಕ್ಕಿದೆನೇನೋ, ರೇಖಾ ಮೆಲ್ಲಗೆ ನನ್ನ ಕೈ ಹಿಡಿದಳು.

"ಅಜ್ಜಿ, ಸಾಕು," ಅಂದಳು. ಕನ್ನಡದಲ್ಲಿ.

ಟೆಂಪೊದ ಹಿಂದಿನ ಬಾಗಿಲು ಇಳಿಸಿ ಬಸ್ಯಾ ಹಗ್ಗ ಹಿಡಿದು ಟಕ್ ಟಕ್ ಅಂದ. ಶೀಲಾ ಹಲಗೆಯ ಕಡೆ ಹೊರಟಳು. ಅಷ್ಟರಲ್ಲಿ ಮಾಮಾ ಓಡೋಡಿ ಹೊರಗೆ ಬಂದ, ಬಾಯಿ ತುಂಬ ಜಿಲೇಬಿ. ತನ್ನ ಸ್ವಂತ ಮಗನ ಲಗ್ನ ವೈಶಾಖದಲ್ಲಿ ಇದೆಯಂತೆ. ಬೇರೆ ಕುದುರೆ ಬೇಡವಂತೆ, ಇದೇ ಬೇಕಂತೆ, ಇದರ ಮಾತು ತಮ್ಮ ಮನೆಯವರಿಗೆಲ್ಲ ಬರುತ್ತದಂತೆ.

"ಇರ್ತದಲ್ಲಾ ಅಲ್ಲೀ ತನಕ?" ಎಂದು ಮರಾಠಿಯಲ್ಲಿ ಕೇಳಿದ.

ಬಸ್ಯಾ ಒಂದು ಸಲ ಮಗಳ ಮುಖ ನೋಡಿದ, ಒಂದು ಸಲ ನನ್ನ ಕೈಯ ಬ್ರಶ್ಶು ನೋಡಿದ.

"ಹೋ," ಅಂದ.

ಕುದುರೆ ನಿಂತಿತು.